‘ನಾನು ಮುಖ್ಯಾನಾ, ಮಗು ಮುಖ್ಯಾನಾ?’ ಅಂತ ಇನ್ನು ಕೇಳಬೇಡಿ

ಈ ಸಲ ಒಂದೇ ವಿಷಯದ ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಮಗುವನ್ನು ಒಬ್ಬಳೇ ಸಾಕುತ್ತಿರುವ ಹೆಣ್ಣುಮಗಳನ್ನು ಇಷ್ಟಪಟ್ಟವರು ಬರೆದ ಪತ್ರಗಳು. ಕೊನೆಯದೊಂದು ಮಾತ್ರ ಅಂಥ ತಾಯಿಯೇ ಬರೆದದ್ದು. ಬಳ್ಳಾರಿಯಲ್ಲಿ ನಾನು ಕೌನ್ಸೆಲಿಂಗ್ ಶುರು ಮಾಡಿ 22 ವರ್ಷ ಆಯಿತು. ಮೊದಮೊದಲು ಇಂಥ ಪ್ರಶ್ನೆ ವರ್ಷಕ್ಕೆ ಒಂದೋ ಎರಡೋ ಬರುತ್ತಿತ್ತು. ಈಗ ಪ್ರತಿ ತಿಂಗಳೂ ಬರುತ್ತದೆ. ಅದರಿಂದ ನನಗೆ ಸಂತೋಷವೇ. ಬೇಸರ ಆಗುವುದು ಬಹಳಷ್ಟು ಪತ್ರಗಳ ಕೊನೆಗೆ ಬರುವ ‘ನಾನು ಮುಖ್ಯಾನಾ, ಮಗು ಮುಖ್ಯಾನಾ’ ಅನ್ನುವ ಆ ಒಂದು ಸಾಲಿಗೆ. ಅದಕ್ಕೇ ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದವಕ್ಕೆ ಚುಟುಕಾಗಿ ಉತ್ತರಿಸುತ್ತೇನೆ.

ಪ್ರಶ್ನೆ: ನನಗೆ 31 ವರ್ಷ, ಮದುವೆ ಆಗಿಲ್ಲ. ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಬಳ್ಳಾರಿಯ ಜೀನ್ಸ್ ಯೂನಿಟ್‌ನಲ್ಲಿ ಹೊಲಿಗೆ ಮಾಡುವ ಒಬ್ಬರನ್ನು ಒಂದು ವರ್ಷದಿಂದ ಇಷ್ಟಪಡುತ್ತಿದ್ದೇನೆ. ಅವರಿಗೂ ಇಷ್ಟ ಇದೆ. ಗಂಡ ತೀರಿಕೊಂಡು ನಾಲ್ಕು ವರ್ಷ ಆಗಿದೆ, ಏಳು ವರ್ಷದ ಮಗ ಇದ್ದಾನೆ. ಸಿಗುತ್ತೇನೆ ಅಂದವರು ಕೊನೆ ಗಳಿಗೆಯಲ್ಲಿ ‘ಮಗನಿಗೆ ಜ್ವರ’, ‘ಮಗನಿಗೆ ಪರೀಕ್ಷೆ’ ಅಂತಾರೆ. ಹುಡುಗನಿಗೆ ರಿಮೋಟ್ ಕಾರು ಕೊಡಿಸಿದೆ, ಮುಟ್ಟಲೂ ಇಲ್ಲ. ನಾನು ಹೋದರೆ ಎದ್ದು ಒಳಗೆ ಹೋಗುತ್ತಾನೆ. ಅವರಿಗೆ ನಾನು ಮುಖ್ಯಾನಾ, ಮಗ ಮುಖ್ಯಾನಾ, ಗೊತ್ತಾಗುತ್ತಿಲ್ಲ ಮೇಡಂ.

ಉತ್ತರ: ಮಗನೇ ಮುಖ್ಯ. ಇನ್ನು ಹತ್ತು ವರ್ಷ ಕಳೆದು ಕೇಳಿದರೂ ಉತ್ತರ ಇದೇ. ಮಗನಿಗೆ ಜ್ವರ ಬಂದಿರುವಾಗ ಬಿಟ್ಟು ನಿಮ್ಮನ್ನು ನೋಡಲು ಬರುವ ತಾಯಿಯನ್ನು ನೀವು ಇಷ್ಟಪಡುತ್ತಿದ್ದಿರಾ, ಹೇಳಿ?

ಜೀನ್ಸ್ ಯೂನಿಟ್‌ಗಳಲ್ಲಿ ಬಹುಪಾಲು ಪೀಸ್ ಲೆಕ್ಕದ ಕೂಲಿ. ಹೊಲಿದಷ್ಟೇ ದುಡ್ಡು. ಮಗ ಮಲಗಿದ ದಿನ ಆಕೆ ಮಷಿನ್ ಮುಂದೆ ಕೂರಲಿಲ್ಲ ಅಂದರೆ ಅವತ್ತಿನ ಕೂಲಿ ಹೋಯಿತು. ಆಸ್ಪತ್ರೆ ಖರ್ಚು ಬೇರೆ. ಅದರ ಮಧ್ಯೆ ನೆನಪಿಟ್ಟುಕೊಂಡು ನಿಮಗೆ ಫೋನ್ ಮಾಡಿ ‘ಇವತ್ತು ಆಗಲ್ಲ’ ಅಂದಿದ್ದಾರೆ. ಆಗ ನೀವು ಏನಂದಿರಿ? ‘ಜ್ವರ ಎಷ್ಟಿದೆ, ಏನಾದರೂ ತಂದುಕೊಡಲಾ’ ಅಂದಿರಾ, ಇಲ್ಲ ‘ಮತ್ತೆ ಕ್ಯಾನ್ಸಲ್ಲಾ’ ಅಂದಿರಾ? ಆಕೆ ನಿಮ್ಮನ್ನು ಅಳೆಯುತ್ತಿರುವುದು ಇಂಥ ಮಾತಿನಲ್ಲೇ.

ಇನ್ನು ಹುಡುಗನ ವಿಷಯ. ಹಳೆಯದೊಂದು ಘಟನೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಇಂಥದ್ದೇ ಒಂದು ಜೋಡಿ ನನ್ನ ಹತ್ತಿರ ಬಂದಿತ್ತು. ಮಗುವಿಗೆ ಆಗ ಆರು ವರ್ಷ. ‘ಈಗಿನಿಂದಲೇ ಅಭ್ಯಾಸ ಆಗಲಿ, ಹುಡುಗನನ್ನೂ ಜೊತೆಗೆ ಕರೆದುಕೊಂಡು ಹೋಗಿ’ ಅಂತ ನಾನೇ ಹೇಳಿದೆ. ಐದು ತಿಂಗಳು ಎಷ್ಟೋ ಭಾನುವಾರ ಮೂವರೂ ಹೊಸಪೇಟೆ ಡ್ಯಾಂ ಕಡೆ ಹೋದರು, ಒಗ್ಗರಣೆ ಮಿರ್ಚಿ ತಿಂದರು. ಆಮೇಲೆ ಆತನ ಮನೆಯಲ್ಲಿ ಅಣ್ಣಂದಿರು ಗಲಾಟೆ ಮಾಡಿದರು. ಆತ ಬರುವುದನ್ನೇ ನಿಲ್ಲಿಸಿಬಿಟ್ಟ.

ತಾಯಿ ಮಗನನ್ನು ನನ್ನ ಹತ್ತಿರ ಕರೆತಂದಳು. ಹುಡುಗ ಕುರ್ಚಿಯ ರೆಕ್ಸಿನ್ ಹರಿದಲ್ಲಿ ಬೆರಳು ತೂರಿಸಿ ಒಳಗಿನ ಸ್ಪಂಜನ್ನು ಚೂರುಚೂರಾಗಿ ಕೀಳುತ್ತಾ ಕೂತಿದ್ದ. ಹೊರಗೆ ಎಷ್ಟೋ ಬೈಕು ಹೋದವು, ತಲೆ ಎತ್ತಲಿಲ್ಲ. ಒಂದು ಬೈಕಿನ ಸದ್ದಿಗೆ ಮಾತ್ರ ಸರಕ್ಕನೆ ಬಾಗಿಲ ಕಡೆ ನೋಡಿದ. ಆಮೇಲೆ ನನ್ನನ್ನು ಕೇಳಿದ: ‘ನಾನು ಇನ್ನೊಂದು ಮಿರ್ಚಿ ಬೇಕು ಅಂತ ಹಟ ಮಾಡಿದ್ದೆ. ಅದಕ್ಕೇ ಬರ್ತಿಲ್ವಾ?’

ಅಪ್ಪನನ್ನು ಮೊದಲೇ ಕಳೆದುಕೊಂಡಿದ್ದ ಮಗು ಅದು. ಅವತ್ತು ನಾನು ಕೊಟ್ಟ ಸಲಹೆ ತಪ್ಪು. ಅವತ್ತಿನಿಂದ ನನ್ನದೊಂದು ನಿಯಮ ಇದೆ: ದೊಡ್ಡವರು ಮದುವೆ ಅಂತ ಗಟ್ಟಿ ತೀರ್ಮಾನ ಮಾಡುವವರೆಗೆ ಮಗುವಿನ ಹತ್ತಿರ ಹೋಗಬಾರದು. ‘ಇದು ಜಾಸ್ತಿ ಆಯ್ತು ಮೇಡಂ, ಕಾಲ ಬದಲಾಗಿದೆ’ ಅನ್ನುವವರು ಇದ್ದಾರೆ. ಅನ್ನಲಿ. ನಾನು ಸಡಿಲ ಮಾಡುವುದಿಲ್ಲ.

ನೀವು ಆಗಲೇ ಆ ಮನೆಯ ಹೊಸ್ತಿಲು ತುಳಿದಿದ್ದೀರಿ. ಹಾಗಾದರೆ ಮೊದಲ ಕೆಲಸ ನಿಮ್ಮ ಮನೆಯಲ್ಲಿ. ಈ ವಿಷಯ ನಿಮ್ಮ ತಾಯಿಗೆ ಗೊತ್ತಾ? ಪತ್ರದಲ್ಲಿ ಆ ಮಾತೇ ಇಲ್ಲ. ತುಂಬಾ ಜನ ಇಲ್ಲೇ ತಪ್ಪುತ್ತಾರೆ. ಅಲ್ಲಿ ಮಗುವನ್ನು ಹಚ್ಚಿಕೊಂಡು, ಒಂದೂವರೆ ವರ್ಷ ಆದಮೇಲೆ ‘ನಮ್ಮ ಮನೆಯಲ್ಲಿ ಒಪ್ಪುತ್ತಿಲ್ಲ’ ಅಂತಾರೆ. ಒಪ್ಪುತ್ತಾರಾ ಅಂತ ಮೊದಲು ಕೇಳಿ. ಒಪ್ಪದಿದ್ದರೂ ಆಗೇ ಆಗುತ್ತೇನೆ ಅನ್ನುವ ಧೈರ್ಯ ನಿಮಗಿದೆಯಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಇಲ್ಲ ಅನ್ನುವುದಾದರೆ ಆ ಓಣಿಗೆ ಹೋಗುವುದನ್ನು ಇವತ್ತೇ ನಿಲ್ಲಿಸಿ. ನಮ್ಮೂರಲ್ಲಿ ಒಂದು ಬೈಕು ಒಂದೇ ಮನೆ ಮುಂದೆ ಮೂರು ಸಲ ನಿಂತರೆ ಓಣಿಗೆಲ್ಲ ಸುದ್ದಿ. ನಿಮಗೇನೂ ಆಗಲ್ಲ. ಮಾತು ಕೇಳಬೇಕಾದವರು ಆಕೆ. ಶಾಲೆಯಲ್ಲಿ ಕೇಳಬೇಕಾದವನು ಆ ಹುಡುಗ.

ಧೈರ್ಯ ಇದೆ ಅಂದರೆ ಮುಂದೆ ಓದಿ.

ಹುಡುಗ ಒಳಗೆ ಹೋಗುವುದು ನಿಮ್ಮ ಮೇಲಿನ ದ್ವೇಷದಿಂದ ಅಲ್ಲ. ಅಪ್ಪ ಹೋದಾಗ ಅವನಿಗೆ ಮೂರು ವರ್ಷ. ಅವನಿಗೆ ಅಪ್ಪ ಅಂದರೆ ಗೋಡೆಯ ಮೇಲಿನ ಫೋಟೋ, ಅಮ್ಮ ಹೇಳಿದ ನಾಲ್ಕು ಮಾತು, ಅಷ್ಟೇ. ನಿಮ್ಮ ಕಾರಿನ ಜೊತೆ ಆಡಿದರೆ ಆ ಫೋಟೋಗೆ ಮೋಸ ಮಾಡಿದ ಹಾಗೆ ಅಂತ ಈ ವಯಸ್ಸಿನ ಮಕ್ಕಳಿಗೆ ಅನ್ನಿಸುತ್ತದೆ. ಬಾಯಿಬಿಟ್ಟು ಹೇಳಲು ಬರುವುದಿಲ್ಲ, ಎದ್ದು ಹೋಗುತ್ತಾರೆ. ಆ ಫೋಟೋ ಬಗ್ಗೆ ನೀವು ಈಗಲೂ, ಮದುವೆ ಆದಮೇಲೂ ಒಂದು ಮಾತು ಆಡಕೂಡದು. ತೆಗೆಯಿರಿ ಅನ್ನುವುದಂತೂ ಕನಸಿನಲ್ಲೂ ಬೇಡ.

ಸಾಮಾನು ಕೊಡಿಸುವುದನ್ನು ನಿಲ್ಲಿಸಿ. ಹೇಳಿದ ದಿನ, ಹೇಳಿದ ಹೊತ್ತಿಗೆ ಬನ್ನಿ. ಆಕೆಯ ತಾಯಿಯೋ ತಂದೆಯೋ ಮನೆಯಲ್ಲಿ ಇರುವಾಗ ಬನ್ನಿ. ಅರ್ಧ ಗಂಟೆ ಕೂತು ಹೊರಡಿ. ನಿಮ್ಮದು ಶಿಫ್ಟ್ ಕೆಲಸ ಅಲ್ವಾ, ‘ಮುಂದಿನ ವಾರ ನೈಟ್ ಡ್ಯೂಟಿ, ಬರಲ್ಲ. ಅದರ ಮುಂದಿನ ಭಾನುವಾರ ಬರ್ತೀನಿ’ ಅಂತ ಹುಡುಗನಿಗೇ ಹೇಳಿ. ಅವನು ಕೇಳಿಸಿಕೊಳ್ಳದವನ ಹಾಗೆ ಇರುತ್ತಾನೆ. ಕೇಳಿಸಿಕೊಂಡಿರುತ್ತಾನೆ. ಆ ಭಾನುವಾರ ಬಂದೇ ಬನ್ನಿ. ಎದುರು ಕೂರಿಸಿಕೊಂಡು ‘ಯಾವ ಕ್ಲಾಸು, ಎಷ್ಟು ಮಾರ್ಕ್ಸು’ ಅಂತ ಪ್ರಶ್ನೆ ಹಾಕಬೇಡಿ. ಅವನ ಸೈಕಲ್ ಚೈನ್ ಬಿಚ್ಚಿಹೋಗಿದ್ದರೆ ಕಟ್ಟೆಯ ಮೇಲೆ ಕೂತು ಹಾಕುತ್ತಿರಿ. ಕೈಗೆ ಎಣ್ಣೆ ಹತ್ತಿದಾಗ ಬಟ್ಟೆ ಚೂರು ತಂದುಕೊಡಲು ಅವನೇ ಬರುತ್ತಾನೆ. ಇವತ್ತಲ್ಲದಿದ್ದರೆ ಇನ್ನೆರಡು ತಿಂಗಳಿಗೆ.

ಏನಂತ ಕರೆಯಬೇಕು ಅನ್ನುವುದು ಅವನಿಗೆ ಬಿಟ್ಟಿದ್ದು. ಮಾಮ ಅನ್ನಲಿ, ಕಾಕಾ ಅನ್ನಲಿ, ಅಂಕಲ್ ಅನ್ನಲಿ. ‘ಅಪ್ಪ ಅನ್ನು’ ಅಂತ ನೀವಾಗಲಿ, ಆಕೆಯಾಗಲಿ, ಮನೆಗೆ ಬಂದ ನೆಂಟರಾಗಲಿ ಹೇಳಬಾರದು. ಮಲತಂದೆ ಅನ್ನುವ ಪದವನ್ನಂತೂ ನನ್ನ ಕೋಣೆಯಲ್ಲಿ ಯಾರಿಗೂ ಆಡಲು ಬಿಡುವುದಿಲ್ಲ. ಆ ಪದ ಕೇಳಿಯೇ ಮಕ್ಕಳ ಮುಖ ಬಾಡಿದ್ದನ್ನು ನೋಡಿದ್ದೇನೆ.

ಮದುವೆಗೆ ಮುಂಚೆ ಶಾಲೆ ಫೀಸು ಕಟ್ಟಬೇಡಿ. ಒಳ್ಳೆ ಮನಸ್ಸಿನಿಂದಲೇ ಕಟ್ಟುತ್ತೀರಿ, ಒಪ್ಪುತ್ತೇನೆ. ಆದರೆ ಮೊದಲ ಜಗಳದಲ್ಲೇ ಆ ಲೆಕ್ಕ ಬಾಯಿಗೆ ಬರುತ್ತದೆ. ಮದುವೆ ಆದ ಮೇಲೂ ಒಂದೆರಡು ವರ್ಷ ಬೈಯುವುದು, ಶಿಸ್ತು ಕಲಿಸುವುದು ತಾಯಿಗೇ ಇರಲಿ. ಕೈ ಎತ್ತುವುದು ಯಾವತ್ತೂ ಇಲ್ಲ.

ಇನ್ನೊಂದು ಮಾತು ನೀವು ಕೇಳಿಲ್ಲ, ಯಾರೂ ಕೇಳುವುದಿಲ್ಲ. ಹುಡುಗನ ಅಪ್ಪನ ಕಡೆಯ ಅಜ್ಜಿ, ತಾತ ಇದ್ದಾರಾ? ಮಗನನ್ನು ಕಳೆದುಕೊಂಡವರು ಅವರು. ಸೊಸೆ ಮದುವೆಯಾದರೆ ಮೊಮ್ಮಗನೂ ಹೋದ ಅಂತ ಹೆದರುತ್ತಾರೆ. ಬಹಳ ಮನೆಗಳಲ್ಲಿ ವಿರೋಧದ ಬೇರು ಇರುವುದು ಇಲ್ಲೇ. ಹಿರಿಯರೊಬ್ಬರನ್ನು ಜೊತೆ ಮಾಡಿಕೊಂಡು ನೀವೇ ಹೋಗಿ ಕೂತು ಮಾತಾಡಿ. ‘ಹಬ್ಬಕ್ಕೆ, ಬೇಸಿಗೆ ರಜೆಗೆ ಕಳಿಸುತ್ತೇವೆ, ನಾನೇ ತಂದು ಬಿಡುತ್ತೇನೆ’ ಅಂತ ಹೇಳಿ. ಹೇಳಿದ ಹಾಗೆ ನಡೆದುಕೊಳ್ಳಿ.

ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳುತ್ತೀರಿ. ಮದುವೆ ಆದಮೇಲೂ ಎರಡು ವರ್ಷ ಆಗಬಹುದು, ಇನ್ನೂ ಜಾಸ್ತಿಯೂ ಆಗಬಹುದು. ಅಷ್ಟು ತಾಳ್ಮೆ ಇಲ್ಲದಿದ್ದರೆ ಈಗಲೇ ಆಕೆಗೆ ನೇರವಾಗಿ ಹೇಳಿ ತಮ್ಮಾ. ನಾಲ್ಕು ವರ್ಷ ಒಬ್ಬಳೇ ನಿಭಾಯಿಸಿದ ಹೆಣ್ಣುಮಗಳು, ಈ ಮಾತನ್ನೂ ತಡೆದುಕೊಳ್ಳುತ್ತಾಳೆ.

ಪ್ರಶ್ನೆ (ರಾಯಚೂರು): ವಿಧವೆಯನ್ನು ಮದುವೆಯಾದರೆ ಎರಡನೇ ಗಂಡನಿಗೂ ಕಂಟಕ ಅಂತ ಜ್ಯೋತಿಷಿ ಹೇಳಿದ್ದಾರೆ. 21 ಸಾವಿರದ ಶಾಂತಿ ಮಾಡಿಸಬೇಕಂತೆ.

ಉತ್ತರ: ಆ ಗಂಡ ಸತ್ತಿದ್ದು ರಸ್ತೆ ಅಪಘಾತದಲ್ಲಿ ಅಂತ ನೀವೇ ಬರೆದಿದ್ದೀರಿ. ಲಾರಿ ಗುದ್ದಿದ್ದಕ್ಕೆ ಹೆಂಡತಿಯ ಜಾತಕ ಕಾರಣ ಅನ್ನುವವನು ನಿಮ್ಮ ಭಯವನ್ನು ಮಾರಿಕೊಂಡು ಬದುಕುವವನು. ನಮ್ಮ ಭಾಗದ ಎಷ್ಟೋ ಸಮುದಾಯಗಳಲ್ಲಿ ಉಡಿಕಿ ಪದ್ಧತಿ ತಲೆತಲಾಂತರದಿಂದ ಇದೆ. ಗಂಡ ಸತ್ತ ಹೆಣ್ಣುಮಗಳಿಗೆ ಸೀರೆ ಉಡಿಸಿ ಹೊಸ ಸಂಸಾರಕ್ಕೆ ಕಳಿಸುತ್ತಿದ್ದರು. ವಿಧವೆಯರ ಮರುಮದುವೆಗೆ ಕಾನೂನು ಬಂದಿದ್ದು 1856ರಲ್ಲಿ. ಇಷ್ಟಾದ ಮೇಲೂ ಶಾಂತಿ, ಕಂಟಕ ಅಂತ ಆಕೆಯ ಮುಂದೆ ಬಾಯಿ ತೆಗೆಯಬೇಡಿ, ಪಾಪ. ಆ ದುಡ್ಡು ನಿಮ್ಮ ಹತ್ತಿರವೇ ಇರಲಿ.

ಪ್ರಶ್ನೆ (ಸಿಂಧನೂರು): ಆಕೆಯ ಗಂಡ ಬಿಟ್ಟುಹೋಗಿ ಆರು ವರ್ಷ. ಹಿರಿಯರು ಕೂತು ಬಿಡುಗಡೆ ಆಯ್ತು ಅಂತ ಬಾಂಡ್ ಪೇಪರ್ ಮೇಲೆ ಬರೆಸಿಕೊಂಡಿದ್ದಾರೆ. ನಾವು ದೇವಸ್ಥಾನದಲ್ಲಿ ತಾಳಿ ಕಟ್ಟಿಕೊಂಡರೆ ಸಾಕಲ್ವಾ?

ಉತ್ತರ: ಸಾಲದು. ಬಾಂಡ್ ಪೇಪರ್ ನಂಬಿ ಹಾಳಾದ ಸಂಸಾರಗಳನ್ನು ನೋಡಿ ನೋಡಿ ಸಾಕಾಗಿದೆ. ಸಮುದಾಯದ ಪದ್ಧತಿ ಪ್ರಕಾರ ಬಿಡುಗಡೆ ಆಗಿದೆ ಅನ್ನುವವರು ಆ ಪದ್ಧತಿಯನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು, ಅದು ಸುಲಭ ಅಲ್ಲ. ಇಲ್ಲದಿದ್ದರೆ 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಆಕೆ ಇನ್ನೂ ಆತನ ಹೆಂಡತಿಯೇ. ನಿಮ್ಮ ಮದುವೆ ಅಸಿಂಧು. ಕೇಸು ಬೀಳುವುದು ಆಕೆಯ ಮೇಲೆ: ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂನಲ್ಲಿ ಏಳು ವರ್ಷದವರೆಗೆ ಜೈಲಿದೆ. ಎರಡು ವರ್ಷಕ್ಕಿಂತ ಜಾಸ್ತಿ ಬಿಟ್ಟುಹೋಗಿದ್ದರೆ ಅದೇ ವಿಚ್ಛೇದನಕ್ಕೆ ಕಾರಣ ಆಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಆಕೆ ಅರ್ಜಿ ಕೊಡಲಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಕೋರ್ಟಿನಿಂದ ವಿಚ್ಛೇದನದ ಡಿಕ್ರಿ ಬಂದು, ಅಪೀಲಿನ ಅವಧಿ ಮುಗಿಯುವವರೆಗೆ ತಾಳಿಯ ಮಾತು ಬೇಡ.

ಪ್ರಶ್ನೆ (ಕೊಪ್ಪಳ): ಮದುವೆ ಆಗಿ ಒಂದು ವರ್ಷ ಆಯಿತು. ಅವಳ ಮೊದಲ ಗಂಡ ತೀರಿಕೊಂಡಿದ್ದಾರೆ. ಮಗುವಿಗೆ ನನ್ನ ಮನೆತನದ ಹೆಸರು ಇಡಬಹುದಾ? ಅವರ ಕಡೆಯವರು ಬೇಡ ಅಂತಾರೆ.

ಉತ್ತರ: ಅದನ್ನು ತೀರ್ಮಾನಿಸುವುದು ನೀವೂ ಅಲ್ಲ, ಅವರೂ ಅಲ್ಲ, ಮಗುವಿನ ತಾಯಿ. ತಂದೆ ತೀರಿಕೊಂಡ ಮೇಲೆ ತಾಯಿಯೇ ಸಹಜ ಪಾಲಕಿ, ಮಗುವಿನ ಮನೆತನದ ಹೆಸರು ಆಕೆಗೆ ಬಿಟ್ಟಿದ್ದು ಅಂತ ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ಎರಡನೇ ಗಂಡನ ಹೆಸರನ್ನು ದಾಖಲೆಯಲ್ಲಿ ‘ಮಲತಂದೆ’ ಅಂತ ತೋರಿಸಿ ಅಂತ ಹೈಕೋರ್ಟ್ ಹೇಳಿತ್ತು. ಅದು ಮಗುವಿನ ಮನಸ್ಸಿಗೆ ಕ್ರೂರ ಅಂತ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಒಂದು ವಿಷಯ ನೆನಪಿರಲಿ: ತಾಳಿ ಕಟ್ಟಿದ ಮಾತ್ರಕ್ಕೆ ನೀವು ಕಾನೂನಿನ ತಂದೆ ಆಗುವುದಿಲ್ಲ. ಅದಕ್ಕೆ ದತ್ತು ತೆಗೆದುಕೊಳ್ಳಬೇಕು. ಮಗು ತಿಳಿವಳಿಕೆ ಬಂದ ವಯಸ್ಸಿನದಾದರೆ ಮೊದಲು ಅದರ ಹತ್ತಿರ ಮಾತಾಡಿ.

ಪ್ರಶ್ನೆ: ಆಕೆ ಮತ್ತೆ ಮದುವೆಯಾದರೆ ಮೊದಲ ಗಂಡನಿಂದ ಬಂದ ಆಸ್ತಿ ವಾಪಸ್ ಕೊಡಬೇಕಂತೆ, ಹೌದಾ?

ಉತ್ತರ: ಸುಳ್ಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡ ಸತ್ತಾಗ ಆಕೆಗೆ ಬಂದ ಪಾಲು ಆಕೆಯದೇ, ಮರುಮದುವೆಯಿಂದ ಹೋಗುವುದಿಲ್ಲ. ಹಾಗಂತ ಆ ಆಸ್ತಿಯ ಮೇಲೆ ನೀವೂ ಕಣ್ಣು ಹಾಕಬೇಡಿ, ಅದು ಮಗುವಿನ ನಾಳೆಗೆ ಇರುವುದು.

ಪ್ರಶ್ನೆ: ಮಗುವನ್ನು ತವರುಮನೆಯಲ್ಲಿ ಬಿಟ್ಟು ಬಾ ಅಂತ ಕೇಳಬಹುದಾ?

ಉತ್ತರ: ಹಾಗೆ ಕೇಳುವವರು ಆ ಮದುವೆಯನ್ನೇ ಆಗಬೇಡಿ.

ಪ್ರಶ್ನೆ: ಮೊದಲ ಗಂಡನಿಗೆ ನನ್ನನ್ನು ಹೋಲಿಸುತ್ತಾಳೆ ಅಂತ ಭಯ.

ಉತ್ತರ: ನೀವೇ ಹೋಲಿಸಿಕೊಳ್ಳುತ್ತಿದ್ದೀರಿ, ಬಿಡಿ.

ಪ್ರಶ್ನೆ (ಗಂಗಾವತಿ): ನನಗೆ 36 ವರ್ಷ, ವಿಚ್ಛೇದನ ಆಗಿದೆ. ಮಗಳಿಗೆ 11. ಪರಿಚಯ ಆಗಿ ನಾಲ್ಕು ತಿಂಗಳಾದ ಒಬ್ಬರು ಮದುವೆ ಮಾತಾಡುತ್ತಿದ್ದಾರೆ. ಮಗಳನ್ನು ಟ್ಯೂಷನ್‌ಗೆ ದಿನಾ ಬೈಕಲ್ಲಿ ಬಿಡುತ್ತೇನೆ ಅಂತಾರೆ. ನಮ್ಮಮ್ಮ ಬೇಡ ಅಂತಾರೆ. ಒಳ್ಳೆಯವರನ್ನು ಸುಮ್ನೆ ಅನುಮಾನಿಸುತ್ತಿದ್ದೀವಾ? ಮದುವೆ ಆದರೆ ಮಗಳ ಜೀವನಾಂಶ ನಿಲ್ಲುತ್ತಾ?

ಉತ್ತರ: ನಿಲ್ಲುವುದಿಲ್ಲ. ನಿಮಗೆ ಬರುವ ಜೀವನಾಂಶ ನಿಲ್ಲುತ್ತದೆ, ಮಗಳಿಗೆ ಅವಳ ತಂದೆ ಕೊಡಬೇಕಾದದ್ದು ಹಾಗೇ ಇರುತ್ತದೆ.

ಅನುಮಾನದ ವಿಷಯದಲ್ಲಿ ನಾನು ನಿಮ್ಮಮ್ಮನ ಕಡೆ. ಬರುವ ಗಂಡಸರಲ್ಲಿ ಹೆಚ್ಚಿನವರು ಒಳ್ಳೆಯವರೇ ಇರುತ್ತಾರೆ. ಆದರೆ ತಾಯಿಗಿಂತ ಮಗುವಿಗೇ ಬೇಗ ಹತ್ತಿರ ಆಗಲು ನೋಡುವವರೂ ಇದ್ದಾರೆ. ನಾಲ್ಕು ತಿಂಗಳಲ್ಲಿ ಯಾರು ಯಾವ ಥರ ಅಂತ ನಿಮಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ‘ಬೇಡ, ಸದ್ಯಕ್ಕೆ ಅವಳನ್ನು ಒಬ್ಬಳೇ ಕಳಿಸಲ್ಲ’ ಅಂತ ಅವರಿಗೆ ನೇರವಾಗಿ ಹೇಳಿ. ಆಮೇಲೆ ಅವರು ಹೇಗೆ ನಡೆದುಕೊಳ್ಳುತ್ತಾರೆ ನೋಡಿ. ‘ಆಯ್ತು, ಸರಿ’ ಅಂದು ಮಾತು ಬದಲಿಸಿದರೆ ಒಳ್ಳೆಯದು. ಮುನಿಸಿಕೊಂಡರೆ, ‘ನನ್ನ ಮೇಲೆ ನಂಬಿಕೆ ಇಲ್ವಾ’ ಅಂತ ಮತ್ತೆ ಮತ್ತೆ ಒತ್ತಾಯ ಮಾಡಿದರೆ ಅಲ್ಲಿಗೇ ನಿಲ್ಲಿಸಿ.

ಮಗಳ ಹತ್ತಿರ ಇವತ್ತೇ ಮಾತಾಡಿ. ಯಾರೇ ಆಗಲಿ ಮುಟ್ಟಿದ್ದು ಇಷ್ಟ ಆಗಲಿಲ್ಲ ಅಂದರೆ, ‘ಅಮ್ಮನಿಗೆ ಹೇಳಬೇಡ’ ಅಂದರೆ, ತಕ್ಷಣ ಬಂದು ಹೇಳಬೇಕು, ಅಮ್ಮ ಬೈಯಲ್ಲ ಅಂತ ಅವಳಿಗೆ ಗೊತ್ತಿರಲಿ. 1098 ಮಕ್ಕಳ ಸಹಾಯವಾಣಿ, ಆ ನಂಬರನ್ನೂ ಬಾಯಿಪಾಠ ಮಾಡಿಸಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆ ಮನೆಯವರಿಗೂ, ಮನೆಯವರಾಗಲು ಬಂದವರಿಗೂ ಅನ್ವಯಿಸುತ್ತದೆ. ಟ್ಯೂಷನ್‌ಗೆ ಸದ್ಯ ನಿಮ್ಮಮ್ಮನೇ ಬಿಟ್ಟು ಬರಲಿ.