ಮುಂದಿನ ವರ್ಷಕ್ಕೆ ಷೇರು ಆರಿಸುವಾಗ ನಾನು ಏನು ನೋಡುತ್ತೇನೆ

ಕೈಯಲ್ಲಿ ಒಂದು ಲಕ್ಷ ರೂಪಾಯಿ ಇದೆ, ಒಂದು ವರ್ಷದಲ್ಲಿ ಚೆನ್ನಾಗಿ ಏರುವ ನಾಲ್ಕೈದು ಷೇರುಗಳ ಹೆಸರು ಹೇಳಿ ಎಂದು ಕೇಳಿದ್ದೀರಿ. ಹೆಸರುಗಳ ಪಟ್ಟಿ ನಾನು ಕೊಡುವುದಿಲ್ಲ. ಒಂದು ವರ್ಷದಲ್ಲಿ ಯಾವ ಷೇರು ಎಲ್ಲಿಗೆ ಹೋಗುತ್ತದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಕಂಪನಿಯ ವ್ಯವಹಾರ ಹೇಗೆ ನಡೆಯುತ್ತಿದೆ ಅಂತ ನಾವೇ ಕೂತು ನೋಡಬಹುದು. ವಿಮಾನ, ಹೆಲಿಕಾಪ್ಟರ್ ತಯಾರಿಸುವ ನಮ್ಮ ಬೆಂಗಳೂರಿನ ಸರ್ಕಾರಿ ಕಂಪನಿ ಎಚ್‌ಎಎಲ್ ಅನ್ನೇ ತಗೊಳ್ಳೋಣ.

2018ರ ಮಾರ್ಚ್‌ನಲ್ಲಿ ಅದರ ಐಪಿಒ, ಅಂದರೆ ಸಾರ್ವಜನಿಕರಿಗೆ ಮೊದಲ ಸಲದ ಷೇರು ಮಾರಾಟ ಬಂತು, ಷೇರಿಗೆ 1,215 ರೂಪಾಯಿ. ಸಾಮಾನ್ಯ ಹೂಡಿಕೆದಾರರು ಅಷ್ಟಾಗಿ ಕೈ ಹಾಕಲಿಲ್ಲ. ಎರಡು ವರ್ಷ ಕಳೆದು ಕೊರೊನಾ ಶುರುವಾದಾಗ ಬೆಲೆ 500ಕ್ಕಿಂತ ಕೆಳಗೆ ಬಿತ್ತು. ಆಮೇಲೆ ಏರುತ್ತಾ ಹೋಯಿತು. 2023ರಲ್ಲಿ ಕಂಪನಿ ಪ್ರತಿ ಷೇರನ್ನು ಎರಡಾಗಿ ಒಡೆಯಿತು, ಹಾಗಾಗಿ ಒಂದೊಂದರ ಬೆಲೆಯೂ ಅರ್ಧವಾಯಿತು. ಹಾಗೆ ಎರಡಾದ ಮೇಲೂ 2024ರ ಜುಲೈನಲ್ಲಿ ಬೆಲೆ 5,600 ದಾಟಿತು. ಅಲ್ಲಿಂದ 2025ರ ಮಾರ್ಚ್ ಹೊತ್ತಿಗೆ 3,100ರ ಆಸುಪಾಸಿಗೆ ಇಳಿಯಿತು. ಅದೇ ಕಾರ್ಖಾನೆ, ಅದೇ ಕೆಲಸ. ಜುಲೈನಲ್ಲಿ ಕೊಂಡವರಿಗೆ ಆ ವರ್ಷ ಕೆಟ್ಟ ವರ್ಷ, ಅಷ್ಟೇ.

ಈಗ ಒಳಗಿನ ಲೆಕ್ಕ ನೋಡಿ. 2024ರ ಮಾರ್ಚ್ ಕೊನೆಗೆ ಕಂಪನಿಯ ಕೈಯಲ್ಲಿ ಸುಮಾರು 94 ಸಾವಿರ ಕೋಟಿ ರೂಪಾಯಿಯ ಆರ್ಡರ್ ಇತ್ತು. ಮುಂದಿನ ಒಂದೇ ವರ್ಷದಲ್ಲಿ ಅದು 1.8 ಲಕ್ಷ ಕೋಟಿ ದಾಟಿತು. 156 ಪ್ರಚಂಡ್ ಹೆಲಿಕಾಪ್ಟರ್‌ಗಳ ದೊಡ್ಡ ಆರ್ಡರ್ ಬಂದಿದ್ದು ಆಗಲೇ. ಟಿವಿಯಲ್ಲಿ ಹೆಚ್ಚಾಗಿ ಕೇಳಿಸುವುದು ಈ ಆರ್ಡರ್ ಸುದ್ದಿ. ಆದರೆ ಮಾರಾಟ ಎರಡೂ ವರ್ಷ 30 ಸಾವಿರ ಕೋಟಿಯ ಆಸುಪಾಸಿನಲ್ಲೇ ಇತ್ತು. ತೇಜಸ್ ಮಾರ್ಕ್-1ಎ ವಿಮಾನಕ್ಕೆ ಅಮೆರಿಕದ ಜಿಇ ಕಂಪನಿಯಿಂದ ಬರಬೇಕಾದ ಎಂಜಿನ್ ತಡವಾಗಿದ್ದು ಇದಕ್ಕೆ ಒಂದು ಮುಖ್ಯ ಕಾರಣ. ವಿಮಾನ ಹಸ್ತಾಂತರ ಆಗದೆ ಆರ್ಡರ್ ದುಡ್ಡಾಗುವುದಿಲ್ಲ ಅಲ್ವಾ? ಹಾಗಾಗಿ ಇಂಥ ಕಂಪನಿಯಲ್ಲಿ ನಾನು ಹೊಸ ಆರ್ಡರ್‌ಗಿಂತ ಜಾಸ್ತಿ ಗಮನ ಕೊಡುವುದು ಈ ತ್ರೈಮಾಸಿಕದಲ್ಲಿ ಎಷ್ಟು ಕೆಲಸ ಮುಗಿದು ಹೊರಗೆ ಹೋಯಿತು ಎಂಬುದಕ್ಕೆ.

ಬೇರೆ ಕಂಪನಿಗಳಲ್ಲೂ ಹೀಗೇ. ಲಾಭ ಅಂತ ಬರೆದದ್ದು ನಿಜವಾಗಿ ಕೈಗೆ ಬಂತಾ? ವಾರ್ಷಿಕ ವರದಿಯ ಕ್ಯಾಶ್ ಫ್ಲೋ ಪುಟ ತೆಗೆದು, ವ್ಯವಹಾರದಿಂದ ಬಂದ ನಗದನ್ನು ಐದು ವರ್ಷದ್ದು ಕೂಡಿಸಿ. ಅದೇ ಐದು ವರ್ಷದ ನಿವ್ವಳ ಲಾಭವನ್ನೂ ಕೂಡಿಸಿ. ಲಾಭ 500 ಕೋಟಿ, ನಗದು 150 ಕೋಟಿ ಅಂತಿದ್ದರೆ ಉಳಿದದ್ದು ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕಬೇಕು. ಸಾಮಾನ್ಯವಾಗಿ ಗ್ರಾಹಕರ ಬಾಕಿಯಲ್ಲೋ ಮಾರಾಟವಾಗದ ಸರಕಿನಲ್ಲೋ ಇರುತ್ತದೆ. ಮಾರಾಟಕ್ಕಿಂತ ಬಾಕಿ ವೇಗವಾಗಿ ಬೆಳೆಯುತ್ತಿದ್ದರೆ ನಾನು ಆ ಷೇರನ್ನು ಅಲ್ಲಿಗೇ ಬಿಡುತ್ತೇನೆ. ಬ್ಯಾಂಕ್ ಷೇರಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ವಸೂಲಾಗದ ಸಾಲ, ಅಂದರೆ ಎನ್‌ಪಿಎ, ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ನೋಡಬೇಕು.

ಇನ್ನೊಂದು, ಪ್ರವರ್ತಕರು, ಅಂದರೆ ಕಂಪನಿಯ ಹಿಡಿತ ಇರುವ ಮುಖ್ಯ ಮಾಲೀಕರು, ತಮ್ಮ ಷೇರುಗಳನ್ನು ಅಡ ಇಟ್ಟಿದ್ದಾರಾ ನೋಡಿ. ಪ್ರತಿ ತ್ರೈಮಾಸಿಕ ಮುಗಿದು 21 ದಿನದೊಳಗೆ ಕಂಪನಿ ಈ ವಿವರವನ್ನು ಷೇರುಪೇಟೆಗೆ ಕೊಡಲೇಬೇಕು. ಬಿಎಸ್‌ಇ, ಎನ್‌ಎಸ್‌ಇ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅಡ ಜಾಸ್ತಿ ಇದ್ದು ಬೆಲೆ ಬಿದ್ದರೆ ಸಾಲ ಕೊಟ್ಟವರು ಆ ಷೇರುಗಳನ್ನು ಮಾರುತ್ತಾರೆ, ಬೆಲೆ ಇನ್ನಷ್ಟು ಬೀಳುತ್ತದೆ.

ಇಷ್ಟೆಲ್ಲಾ ಸರಿ ಇದ್ದರೂ ಯಾವ ಬೆಲೆಗೆ ಕೊಳ್ಳುತ್ತೀರಿ ಅನ್ನುವುದು ಮುಖ್ಯ. ಪಿಇ, ಅಂದರೆ ಷೇರಿನ ಬೆಲೆ ಒಂದು ಷೇರಿನ ವಾರ್ಷಿಕ ಲಾಭದ ಎಷ್ಟು ಪಟ್ಟು ಇದೆ ಅನ್ನುವುದನ್ನು, ಆ ಕಂಪನಿಯದೇ ಹಳೆಯ ವರ್ಷಗಳ ಜೊತೆ ಹೋಲಿಸಿ. ಕಂಪನಿ ಒಳ್ಳೆಯದಿದ್ದರೂ ದುಬಾರಿಗೆ ಕೊಂಡರೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ನಿಮ್ಮ ಒಂದು ಲಕ್ಷದ ವಿಷಯ. ಒಂದೇ ವರ್ಷದಲ್ಲಿ ಈ ದುಡ್ಡು ಮನೆ ಖರ್ಚಿಗೋ ಮಕ್ಕಳ ಫೀಸಿಗೋ ಬೇಕಿದ್ದರೆ ದಯವಿಟ್ಟು ಷೇರಿಗೆ ಹಾಕಬೇಡಿ, ಎಫ್‌ಡಿ ಮಾಡಿ. ಐದು ವರ್ಷ ಮುಟ್ಟದೇ ಇರಬಲ್ಲಿರಾದರೆ, ಅರ್ಧಕ್ಕಿಂತ ಹೆಚ್ಚನ್ನು ದೇಶದ ದೊಡ್ಡ ಕಂಪನಿಗಳ ಷೇರುಗಳನ್ನು ಒಟ್ಟಿಗೆ ಕೊಳ್ಳುವ ನಿಫ್ಟಿ ಇಂಡೆಕ್ಸ್ ಫಂಡ್‌ಗೆ ಹಾಕಿ. ಉಳಿದದ್ದರಲ್ಲಿ ಮೂರ್ನಾಲ್ಕು ಕಂಪನಿಗಳನ್ನು ನೀವೇ ಓದಿ ಆರಿಸಿ, ಎಲ್ಲವನ್ನೂ ಒಂದೇ ದಿನ ಕೊಳ್ಳಬೇಡಿ.

ಟೆಲಿಗ್ರಾಂ ಗುಂಪಿನಲ್ಲಿ ಟಿಪ್ಸ್ ಕೊಡುವವರಿಂದ ದೂರ ಇರಿ. ಸಲಹೆ ಬೇಕೇ ಬೇಕು ಅಂದರೆ ಅವರಿಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನೋಂದಣಿ ಸಂಖ್ಯೆ ಇದೆಯಾ ನೋಡಿ. ಬೇಗ ದುಡ್ಡಾಗುತ್ತದೆ ಅಂತ, ಷೇರಿನ ಮುಂದಿನ ಬೆಲೆಯ ಮೇಲೆ ಒಪ್ಪಂದ ಮಾಡಿಕೊಳ್ಳುವ ಫ್ಯೂಚರ್ಸ್, ಆಪ್ಷನ್ಸ್ ಕಡೆ ಹೋಗಲೇಬೇಡಿ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಅಲ್ಲಿ ವಹಿವಾಟು ಮಾಡಿದ ನಮ್ಮಂಥವರಲ್ಲಿ 100ಕ್ಕೆ 93 ಜನ ನಷ್ಟ ಅನುಭವಿಸಿದರು ಅಂತ ಸೆಬಿಯೇ ಲೆಕ್ಕ ಹಾಕಿ ಹೇಳಿದೆ.

ಮತ್ತೆ ತೆರಿಗೆ. 2024ರ ಜುಲೈ 23ರಿಂದ ಬಂದ ನಿಯಮದಂತೆ, ಕೊಂಡು 12 ತಿಂಗಳು ಕಳೆಯುವ ಮೊದಲೇ ಮಾರಿದರೆ ಲಾಭದ ಮೇಲೆ 20%. ಆಮೇಲೆ ಮಾರಿದರೆ 12.5%, ಅದೂ ವರ್ಷದ ಲಾಭ 1.25 ಲಕ್ಷ ದಾಟಿದ ಮೇಲಿನದಕ್ಕೆ ಮಾತ್ರ. ಮಾರುವ ಮುಂಚೆ ಕೊಂಡ ದಿನಾಂಕ ಒಮ್ಮೆ ನೋಡಿಕೊಳ್ಳಿ.