ಹತ್ತಿ ಬಿಡಿಸುವ ಕಾಲಕ್ಕೆ ನಿಂತುಹೋದ ಗುಳಿಗೆ

ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಯಾದಗಿರಿ ಜಿಲ್ಲೆ ಶಹಾಪುರ ಕಡೆಯ ಹೆಣ್ಣುಮಗಳು, ಕೂಲಿ ಕೆಲಸ. ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದಾನೆ. ಆಕೆಗೆ ಬೈಪೋಲಾರ್ ಕಾಯಿಲೆ. ಒಮ್ಮೆ ಮನಸ್ಸು ಪೂರ್ತಿ ಕುಸಿಯುತ್ತದೆ, ಇನ್ನೊಮ್ಮೆ ನಿದ್ದೆಯೇ ಇಲ್ಲದೆ ಮಾತು, ಓಡಾಟ, ಖರ್ಚು ಎಲ್ಲ ಏರುತ್ತದೆ.

"ಗುಳಿಗಿ ಬಿಟ್ಟಾಳ್ರಿ, ಹೇಳಿದ್ ಮಾತು ಕೇಳಂಗಿಲ್ಲ" ಅಂತ ಅತ್ತೆ ನನ್ನ ಹತ್ತಿರ ಕರೆತಂದಿದ್ದರು. ಯಾಕೆ ಬಿಟ್ಟೆ ಅಂತ ಆಕೆಯನ್ನೇ ಕೇಳಿದೆ. "ನುಂಗಿದ್ರ ಮುಂಜಾನಿ ಏಳಾಕ ಆಗಂಗಿಲ್ರಿ, ಹತ್ತಿ ಬಿಡಿಸೋರು ಯಾರ್ರಿ?"

ಹತ್ತಿ ಬಿಡಿಸುವ ಕೂಲಿ ಕಿಲೋ ಲೆಕ್ಕ. ರಾತ್ರಿ ಗುಳಿಗೆಯ ಮಂಪರು ಬೆಳಗ್ಗೆ ಇಳಿಯದಿದ್ದರೆ ತೂಕ ಕಮ್ಮಿ, ದುಡ್ಡು ಕಮ್ಮಿ, ವಾರದ ಸಂಘದ ಕಂತು ಬಾಕಿ. ಹಾಗಾಗಿ ಹತ್ತಿ ಮುಗಿಯುವವರೆಗೆ ಅಂತ ಬಿಟ್ಟಳು. ನಿದ್ದೆ ಹೋಯಿತು, ಮನಸ್ಸು ಏರಿತು, ಆ ಏರಿನಲ್ಲೇ ಇನ್ನೊಂದು ಕಡೆ ಸಾಲಕ್ಕೆ ಸಹಿ ಹಾಕಿ ಸೀರೆ, ಮಿಕ್ಸರ್, ತಂಗಿಗೊಂದು ಮೊಬೈಲ್ ತಂದಳು. ಏರು ಇಳಿದಾಗ ಉಳಿದದ್ದು ಎರಡು ಕಂತು ಮತ್ತು ಹಾಸಿಗೆ ಬಿಟ್ಟು ಏಳಲಾಗದ ಕುಸಿತ. ಇದನ್ನು ಮೊಂಡುತನ ಅನ್ನುವುದು ಅನ್ಯಾಯ. ಸಂಬಳದ ಕೆಲಸದವರು ನಾಲ್ಕು ದಿನ ರಜೆ ಹಾಕಿ ಸುಧಾರಿಸಿಕೊಳ್ಳುತ್ತಾರೆ, ಈಕೆಗೆ ರಜೆ ಎಲ್ಲಿದೆ?

ನಾನು ಮೊದಲು ಹೇಳಿದ್ದು: ಗುಳಿಗೆಯನ್ನು ನೀನೇ ಬಿಡಬೇಡ, ನೀನೇ ಶುರು ಮಾಡಲೂ ಬೇಡ. ಮಂಪರು ಎಷ್ಟು ಹೊತ್ತಿರುತ್ತದೆ, ಕೂಲಿ ಹೇಗೆ ಹೋಗುತ್ತದೆ, ಅದನ್ನೇ ವೈದ್ಯರಿಗೆ ಬಿಚ್ಚಿ ಹೇಳು. ಆಕೆ ಅವರಿಗೆ ಅದನ್ನು ಯಾವತ್ತೂ ಹೇಳಿರಲೇ ಇಲ್ಲ! ಸರ್ಕಾರದ ಮಾನಸಿಕ ಆರೋಗ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಅಲ್ಲಿ ಗುಳಿಗೆಯ ಹೊತ್ತು, ಪ್ರಮಾಣ ಎರಡನ್ನೂ ಬದಲಿಸಿಕೊಟ್ಟರು. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ, ನಿಜ, ಆದರೆ ಒಂದು ದಿನದ ಕೂಲಿ ಹೋಗುತ್ತದೆ ಅಲ್ವಾ? ಅದಕ್ಕೆ ತಿಂಗಳ ಗುಳಿಗೆ ಒಟ್ಟಿಗೇ ಕೇಳಿ ಅಂದೆ.

ಸಾಲದ್ದು ಕಷ್ಟದ ಮಾತು. ಎರಡು ರಾತ್ರಿ ನಿದ್ದೆ ಬರದಿದ್ದರೆ ಆಧಾರ್ ಕಾರ್ಡ್, ಪಾಸ್‌ಬುಕ್ ಅತ್ತೆಯ ಕೈಗೆ ಕೊಡುವುದು, ಆ ದಿನಗಳಲ್ಲಿ ಎಲ್ಲೂ ಸಹಿ ಹಾಕದಿರುವುದು ಅಂತ ಚೆನ್ನಾಗಿದ್ದಾಗ ಆಕೆಯೇ ತೀರ್ಮಾನಿಸಿದಳು. ಅತ್ತೆ ಸುಮ್ನೆ ಕಿತ್ತಿಟ್ಟುಕೊಂಡರೆ ಅದು ಬೇರೆಯೇ ಜಗಳ. ವಸೂಲಿಯವರು ಮನೆ ಮುಂದೆ ಕೂತು ಬೈಯುತ್ತಿದ್ದರು. ಕಿರುಕುಳ ಕೊಟ್ಟು ವಸೂಲಿ ಮಾಡುವುದನ್ನು ತಡೆಯಲು 2025ರಲ್ಲಿ ರಾಜ್ಯದಲ್ಲಿ ಕಾಯ್ದೆ ಬಂದಿದೆ, ಪೊಲೀಸರಿಗೆ ದೂರು ಕೊಡಬಹುದು ಅಂತ ತಿಳಿಸಿದೆ. ಅದರಿಂದ ಈ ಸಾಲ ಮನ್ನಾ ಆಗುತ್ತದೆ ಅಂತ ಮಾತ್ರ ಆಸೆ ಹುಟ್ಟಿಸಲಿಲ್ಲ.

ಮನೆಯವರು ಗಾಣಗಾಪುರದ ದತ್ತಾತ್ರೇಯ ದೇವಸ್ಥಾನಕ್ಕೆ ಹೋಗಬೇಕು ಅಂದರು. ಖಂಡಿತ ಹೋಗಿ, ಗುಳಿಗೆ ಚೀಲದಲ್ಲಿರಲಿ, ರಾತ್ರಿ ಆಕೆಯ ನಿದ್ದೆ ಕೆಡಿಸಬೇಡಿ ಅಂದೆ. ನಿದ್ದೆಗೆಟ್ಟರೆ ಈ ಕಾಯಿಲೆ ಮತ್ತೆ ಏರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ನಂಬರನ್ನು ಅತ್ತೆಯ ಫೋನಿನಲ್ಲಿ ಉಳಿಸಿಕೊಟ್ಟೆ. ನಡುರಾತ್ರಿಯೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಗಂಡನಿಗೂ ಫೋನ್ ಮಾಡಿದೆವು. ಹತ್ತಿ ಮುಗಿಯುವವರೆಗೆ ಒಂದು ಕಂತು ತಾನು ಕಟ್ಟುತ್ತೇನೆ ಅಂದ. ಇನ್ನೊಂದಕ್ಕೆ ಇನ್ನೂ ದಾರಿ ಹುಡುಕುತ್ತಿದ್ದೇವೆ.