ಗೀಸರ್ ಆನ್ ಮಾಡಿದಾಗ ಕೆಳಗಿನ ವಾಲ್ವ್‌ನಿಂದ ನೀರು ತೊಟ್ಟಿಕ್ಕುವುದು ಯಾಕೆ? ಲೀಕ್ ಆಗಿದೆಯಾ?

ನೀರು ಕಾಯುವಾಗ ಮಾತ್ರ ತೊಟ್ಟಿಕ್ಕಿ, ಆಫ್ ಮಾಡಿದ ಮೇಲೆ ನಿಂತರೆ ಅದು ಲೀಕ್ ಅಲ್ಲ. ಸೇಫ್ಟಿ ವಾಲ್ವ್ ತನ್ನ ಕೆಲಸ ಮಾಡುತ್ತಿದೆ. ಬಿಸಿಯಾದ ನೀರು ಹಿಗ್ಗುತ್ತದೆ. 25 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಸುಮಾರು 350 ಮಿಲಿಲೀಟರ್‌ನಷ್ಟು ಜಾಸ್ತಿ ಜಾಗ ಬೇಡುತ್ತದೆ. ನಲ್ಲಿ ಬಂದ್ ಇದೆ, ವಾಲ್ವ್ ನೀರನ್ನು ತಣ್ಣೀರಿನ ಪೈಪಿಗೆ ವಾಪಸ್ ಬಿಡುವುದಿಲ್ಲ. ಒಳಗೆ ಪ್ರೆಶರ್ ಏರುತ್ತದೆ, ಹೆಚ್ಚಾದ ನೀರು ವಾಲ್ವಿನ ಸಣ್ಣ ತೂತಿನಿಂದ ಹೊರಬರುತ್ತದೆ.

ಗೀಸರ್ ತಣ್ಣಗಿದ್ದಾಗಲೂ ತೊಟ್ಟಿಕ್ಕುತ್ತಿದ್ದರೆ ವಿಷಯ ಬೇರೆ. ದಾವಣಗೆರೆಯಲ್ಲಿ ಬೋರ್ ನೀರು ಬಳಸುವ ಮನೆಯಾದರೆ ನನ್ನ ಮೊದಲ ಅನುಮಾನ ಗಡಸು ನೀರಿನ ಮೇಲೆ. ಬಕೆಟ್ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ವಾ, ಅದರ ಒಂದು ಚೂರು ವಾಲ್ವಿನ ಬಾಯಲ್ಲಿ ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ. ಹೊಸ ವಾಲ್ವ್ ಹಾಕಿಸಿ.

ಎಲ್ಲಿಂದ ಅಂತ ಗೊತ್ತಾಗದಿದ್ದರೆ ಸ್ವಿಚ್ ಆಫ್ ಮಾಡಿ, ಒಣ ಬಟ್ಟೆಯಲ್ಲಿ ಎಲ್ಲ ಒರೆಸಿ, ಮೊದಲು ಯಾವುದು ಒದ್ದೆಯಾಗುತ್ತದೆ ನೋಡಿ. ಪೈಪಿನ ಜಾಯಿಂಟ್ ಆದರೆ ಸುಲಭ. ಗೀಸರಿನ ಮೈಯಿಂದಲೇ ಬಂದರೆ ಒಳಗಿನ ಟ್ಯಾಂಕ್ ತೂತಾಗಿರಬಹುದು, ಆಗ ಹೊಸ ಗೀಸರೇ ಗತಿ.

ಏನೇ ಆಗಲಿ, ದಯವಿಟ್ಟು ವಾಲ್ವಿನ ಆ ಸಣ್ಣ ತೂತಿಗೆ ಬಿರಡೆ ಹಾಕಬೇಡಿ, ಎಂ-ಸೀಲ್ ಮೆತ್ತಬೇಡಿ. ನೀರು ಸಾಕಷ್ಟು ಕಾದ ಮೇಲೆ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಕೆಟ್ಟು ನೀರು ಕುದಿಯುತ್ತಲೇ ಹೋದರೆ ಪ್ರೆಶರ್‌ಗೆ ಬೇರೆ ದಾರಿಯಿಲ್ಲ, ಟ್ಯಾಂಕೇ ಸಿಡಿಯಬಹುದು.